ಚಾರ್ಜಿಗೆ ಹಾಕಿದ್ದೇನೆ

ಆಯುಧಪೂಜೆಯ ದಿನ ಕಾರಿಗೆ ಸಿಗುವ ಮರ್ಯಾದೆಯನ್ನು ನೋಡಬೇಕು. ಬಾನೆಟ್ಟಿನ ಮೇಲೆ ಸೇವಂತಿಗೆ ಹಾರ, ಗಾಜಿಗೆ ವಿಭೂತಿಯ ಮೂರು ಗೆರೆ, ಸ್ಟೀರಿಂಗಿಗೆ ಅರಿಸಿನ ಕುಂಕುಮ, ನಾಲ್ಕು ಚಕ್ರದಡಿಗೂ ಒಂದೊಂದು ನಿಂಬೆಹಣ್ಣು, ಎದುರಿಗೆ ಒಡೆಯಲು ಬೂದುಗುಂಬಳಕಾಯಿ. ಸ್ವಲ್ಪ ಉತ್ಸಾಹಿಗಳಾದರೆ ಬಾನೆಟ್ ಎತ್ತಿ ಎಂಜಿನ್ನಿಗೂ ನಾಲ್ಕು ಎಸಳು ಹಾಕುತ್ತಾರೆ. ಅಲ್ಲೇ ಮೂಲೆಯಲ್ಲಿ ಧೂಳು ಹೊದ್ದು ಕೂತ ಬ್ಯಾಟರಿಗೆ ಮಾತ್ರ ಕುಂಕುಮದ ಒಂದು ಬೊಟ್ಟೂ ಇಲ್ಲ. ಅದರ ನೆನಪು ಬರುವುದು ಅದು ಕೈಕೊಟ್ಟ ಬೆಳಿಗ್ಗೆ. ಮುಹೂರ್ತಕ್ಕೆ ಹೊತ್ತಾಗಿರುತ್ತದೆ, ಮನೆಮಂದಿಯೆಲ್ಲ ರೇಷ್ಮೆ ಉಟ್ಟು ಸೀಟಿನಲ್ಲಿ ಕೂತಾಗಿರುತ್ತದೆ. ಕೀಲಿ ತಿರುಗಿಸಿದರೆ ಹಲ್ಲಿ ಲೊಚಗುಟ್ಟಿದ ಹಾಗೆ ಟಕ್ ಟಕ್ ಟಕ್. ಈ ಶಕುನಕ್ಕೆ ಪಂಚಾಂಗ ನೋಡಬೇಕಾಗಿಲ್ಲ. ಸ್ಟಾರ್ಟರಿನ ಸೊಲೆನಾಯ್ಡ್ ಹಿಡಿಯಲು ಹೋಗಿ ಬಿಡುತ್ತಿದೆ, ಹಿಡಿದಿಡುವಷ್ಟು ಕಸುವು ಬ್ಯಾಟರಿಯಲ್ಲಿ ಉಳಿದಿಲ್ಲ, ಅಷ್ಟೆ.

ಮೈಸೂರಿನ ನಮ್ಮ ಬಡಾವಣೆಯಲ್ಲಿ ಈ ಸದ್ದು ತುಸು ಹೆಚ್ಚಾಗಿಯೇ ಕೇಳುತ್ತದೆ. ನಿವೃತ್ತರ ಬೀದಿ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದಾರೆ. ಅಪ್ಪ ಅಮ್ಮನಿಗೆ ಇರಲಿ ಎಂದು ಅವರು ಕೊಡಿಸಿದ ಕಾರು ಪೋರ್ಟಿಕೋದಲ್ಲಿ ಕವರ್ ಹೊದ್ದು ನಿಂತಿದೆ. ಹಾಲಿನ ಬೂತು, ತರಕಾರಿ, ಔಷಧಿ ಅಂಗಡಿ ಎಲ್ಲವೂ ನಡೆದೇ ಹೋಗುವಷ್ಟು ಹತ್ತಿರ. ಕಾರು ಹೊರಬೀಳುವುದು ಯಾರದೋ ಮದುವೆಗೆ, ಯಾರದೋ ವೈಕುಂಠ ಸಮಾರಾಧನೆಗೆ. ನನ್ನ ಹತ್ತಿರ ಒಂದು ಬ್ಯಾಟರಿ ಚಾರ್ಜರ್ ಇರುವುದು ಬೀದಿಗೆಲ್ಲ ಗೊತ್ತು. ಹೀಗಾಗಿ ಬೆಳಗಿನ ಎರಡನೇ ಕಾಫಿಯ ಹೊತ್ತಿಗೆ ಗೇಟಿನ ಚಿಲಕದ ಸದ್ದಾಗಿ, ಹಿಂದೆಯೇ "ಸಾರ್, ಸೆಲ್ಫ್ ಎತ್ತುತ್ತಿಲ್ಲ" ಎಂಬ ದನಿ ಬಂದರೆ ನಮ್ಮ ಮನೆಯಲ್ಲಿ ಯಾರಿಗೂ ಆಶ್ಚರ್ಯವಿಲ್ಲ.

ಹಾಗೆ ಬರುವವರಲ್ಲಿ ಎದುರುಮನೆಯ ಮೇಷ್ಟ್ರು ಮುಖ್ಯರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಲೆಕ್ಕ ತಪ್ಪಿದರೆ ಸಹಿಸುವುದಿಲ್ಲ. "ಅಲ್ಲಾ ಸಾರ್, ಓಡಿಸಿಯೇ ಇಲ್ಲವಲ್ಲ, ಅದು ಹೇಗೆ ಖಾಲಿ ಆಗುತ್ತೆ?" ಎಂದು ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ನಿಂತ ಕಾರು ನಿದ್ದೆ ಮಾಡುವುದಿಲ್ಲ. ಗಡಿಯಾರ, ಕಳ್ಳರ ಅಲಾರಂ, ರಿಮೋಟಿನ ಕರೆಗೆ ಕಿವಿಗೊಟ್ಟು ಕಾದಿರುವ ಲಾಕು, ಎಂಜಿನ್ ಕಂಪ್ಯೂಟರಿನ ನೆನಪು, ಇವೆಲ್ಲ ಸೇರಿ ಸದಾ 20ರಿಂದ 50 ಮಿಲಿಆಂಪಿಯರ್ ಎಳೆಯುತ್ತಿರುತ್ತವೆ. 30 ಎಂದೇ ಇಟ್ಟುಕೊಳ್ಳಿ. ದಿನದ 24 ಗಂಟೆಗೆ 0.72 ಆಂಪಿಯರ್-ಅವರ್, ತಿಂಗಳಿಗೆ ಸುಮಾರು 22. ಸಣ್ಣ ಕಾರಿನ ಬ್ಯಾಟರಿಯ ಒಟ್ಟು ಸಾಮರ್ಥ್ಯವೇ 35. ಇನ್ನು ಸ್ಟಾರ್ಟ್ ಮಾಡುವ ಖರ್ಚು ನೋಡಿ: 150 ಆಂಪಿಯರ್ ಎಳೆದರೂ ಎರಡೇ ಸೆಕೆಂಡು, ಅಂದರೆ 0.1 ಆಂಪಿಯರ್-ಅವರೂ ಇಲ್ಲ. ಕಾರು ಒಂದು ದಿನ ಸುಮ್ಮನೆ ನಿಂತರೆ ಎಂಟೊಂಬತ್ತು ಸಲ ಸ್ಟಾರ್ಟ್ ಮಾಡಿದಷ್ಟು ಖರ್ಚು. ಮೇಷ್ಟ್ರು ಬೆರಳು ಮಡಚಿ ಇನ್ನೊಮ್ಮೆ ಲೆಕ್ಕ ಹಾಕಿ, "ಹಾಗಾದರೆ ಓಡಿಸದೆ ಇದ್ದದ್ದೇ ತಪ್ಪಾಯ್ತಲ್ಲ" ಎಂದರು, ಯಾರೋ ಮೋಸ ಮಾಡಿದಂಥ ಮುಖದಲ್ಲಿ.

ಬಳಸಿದ್ದಕ್ಕೇ ಹಾಳಾಯಿತು ಎಂಬ ಈ ನಂಬಿಕೆ ಹಳೆಯದು. ನನಗದು ಪರಿಚಯವಾದದ್ದು 1987ರಲ್ಲಿ, ಹಾಸನದ ಕಡೆಯ ನಮ್ಮ ಊರಿನಲ್ಲಿ. ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ರಾಮಾನಂದ ಸಾಗರರ ರಾಮಾಯಣ ಬರುತ್ತಿದ್ದ ಕಾಲ. ಊರಿಗೆ ಕರೆಂಟು ಬಂದಿತ್ತು, ಆದರೆ ಯಾವಾಗ ಇರುತ್ತದೆ ಯಾವಾಗ ಹೋಗುತ್ತದೆ ಎಂಬುದು ಲೈನ್‌ಮ್ಯಾನಿಗೂ ತಿಳಿಯದ ವಿಷಯ. ಆಗಿನ ಸಣ್ಣ ಬ್ಲ್ಯಾಕ್ ಅಂಡ್ ವೈಟ್ ಟಿವಿಗಳ ಬೆನ್ನಲ್ಲಿ 12 ವೋಲ್ಟಿನ ಒಂದು ತೂತು ಇರುತ್ತಿತ್ತು. ಭಾನುವಾರ ಬೆಳಗಾದರೆ ಚಿಕ್ಕಪ್ಪನ ಟ್ರ್ಯಾಕ್ಟರಿನ ಬ್ಯಾಟರಿಯನ್ನು ಬಿಚ್ಚಿ, ಗೋಣಿಚೀಲದ ಮೇಲಿಟ್ಟು ಇಬ್ಬರು ಹುಡುಗರು ಎರಡು ತುದಿ ಹಿಡಿದು ಜಗಲಿಗೆ ತರುತ್ತಿದ್ದರು. ಬಿದಿರುಗಳಕ್ಕೆ ಕಟ್ಟಿದ ಆಂಟೆನಾವನ್ನು ಒಬ್ಬ ತಿರುಗಿಸುತ್ತ "ಬಂತಾ? ಬಂತಾ?" ಎಂದು ಕೂಗುತ್ತಿದ್ದ. ಅರ್ಧ ಊರು ಅಂಗಳದಲ್ಲಿ. ಮುದುಕಿಯರು ಟಿವಿಗೆ ಹೂ ಮುಡಿಸಿ ಕೈಮುಗಿದು ಕೂರುತ್ತಿದ್ದರು; ಅದಕ್ಕೆ ಜೀವ ಕೊಡುತ್ತಿದ್ದ ಬ್ಯಾಟರಿ ಆಗಲೂ ಕಾಲಡಿಯ ಗೋಣಿಯ ಮೇಲೆಯೇ.

ಸೋಮವಾರ ಟ್ರ್ಯಾಕ್ಟರು ಮಿಸುಕುತ್ತಿರಲಿಲ್ಲ. "ರಾಮಾಯಣ ನೋಡಿದ್ದು ಸಾಕಲ್ಲ! ಉಳೋಕೆ ಈಗ ಹನುಮಂತ ಬರ್ತಾನೆ, ಕಾಯ್ತಾ ಇರಿ" ಎಂದು ಚಿಕ್ಕಪ್ಪ ಬೈಯುತ್ತ, ಅದನ್ನು ಎತ್ತಿನಗಾಡಿಗೆ ಹಾಕಿಕೊಂಡು ತಾಲ್ಲೂಕು ಪೇಟೆಗೆ ಹೊರಡುತ್ತಿದ್ದ. ಗಾಡಿಯಲ್ಲಿ ನಾನೂ. ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಬ್ಯಾಟರಿ ಸಾಬರ ಅಂಗಡಿ. ಉದ್ದನೆಯ ಹಲಗೆಯ ಮೇಲೆ ಲಾರಿ, ಜೀಪು, ಟ್ರ್ಯಾಕ್ಟರುಗಳ ಬ್ಯಾಟರಿಗಳು ಸಾಲಾಗಿ. ಒಂದರ ಪ್ಲಸ್ಸಿನಿಂದ ಮುಂದಿನದರ ಮೈನಸ್ಸಿಗೆ ವೈರು. ಮುಚ್ಚಳ ತೆಗೆದ ತೂತುಗಳಲ್ಲಿ ಸಣ್ಣಗೆ ಕೊತಕೊತ ಗುಳ್ಳೆ, ಗಂಟಲು ಹಿಡಿಯುವ ಹುಳಿ ವಾಸನೆ. ಸಾಬರು ಗಾಜಿನ ನಳಿಗೆಯೊಂದರ ತಲೆಯ ರಬ್ಬರ್ ಬುರುಡೆಯನ್ನು ಒತ್ತಿ ಬಿಟ್ಟು ಒಂದೊಂದೇ ತೂತಿನ ದ್ರವವನ್ನು ಮೇಲಕ್ಕೆಳೆದು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುವುದನ್ನು ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. ಒಳಗೆ ತೇಲುವ ಪುಟ್ಟ ಬುಡ್ಡಿಗೆ ಕೆಂಪು, ಬಿಳಿ, ಹಸಿರು ಪಟ್ಟಿ. ನಮ್ಮದರಲ್ಲಿ ಅದು ಯಾವಾಗಲೂ ಕೆಂಪಿನ ಹತ್ತಿರವೇ. "ಗೌಡ್ರೇ, ಇದಕ್ಕೆ ನೀರು ತೋರಿಸಿ ಎಷ್ಟು ದಿನ ಆಯ್ತು?" ಎಂದು ಅವರು ಕೇಳಿದರೆ ಚಿಕ್ಕಪ್ಪ, "ಅದಕ್ಯಾಕೆ ನೀರು, ಅದೇನು ಎಮ್ಮೆನಾ?" ಎನ್ನುತ್ತಿದ್ದ.

ಈಗ ಲೆಕ್ಕ ಹಾಕಿದರೆ ರಾಮನ ಮೇಲೆ ಬಂದದ್ದು ಬರೀ ಅಪವಾದ. ಅಂಥ ಟಿವಿ ಎಳೆಯುತ್ತಿದ್ದದ್ದು ಹೆಚ್ಚೆಂದರೆ 18 ವ್ಯಾಟ್, ಅಂದರೆ ಒಂದೂವರೆ ಆಂಪಿಯರ್. ಒಂದು ಗಂಟೆ ಪೂರ್ತಿ ಟಿವಿ ಹಾಕಿದ್ದರೂ ಒಂದೂವರೆ ಆಂಪಿಯರ್-ಅವರ್. ಟ್ರ್ಯಾಕ್ಟರಿನ ಬ್ಯಾಟರಿ 80ರ ಆಸುಪಾಸಿನದು. ಒಳಗೆ ನೀರಿಳಿದು ಪ್ಲೇಟಿನ ತಲೆ ಒಣಗಿತ್ತು, ಡೈನಮೋ ಬೆಲ್ಟು ಸಡಿಲವಾಗಿತ್ತು, ಟರ್ಮಿನಲ್ಲಿನ ಮೇಲೆ ಬೂಷ್ಟಿನಂತೆ ಪುಡಿ ಬೆಳೆದಿತ್ತು. ಇದಾವುದನ್ನೂ ನೋಡದೆ ಟಿವಿ ಎದುರು ಕೂತ ಮುದುಕಿಯರನ್ನು ಬೈದದ್ದು ಅನ್ಯಾಯ.

ಈ ಪೆಟ್ಟಿಗೆಯ ಒಳಗಿನ ಸಂಸಾರ 1859ರಿಂದ ಹೆಚ್ಚು ಬದಲಾಗಿಲ್ಲ. ಆ ವರ್ಷ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎರಡು ಸೀಸದ ತಗಡುಗಳನ್ನು ಒಂದಕ್ಕೊಂದು ತಗುಲದಂತೆ ಸುರುಳಿ ಸುತ್ತಿ, ತೆಳು ಗಂಧಕಾಮ್ಲದಲ್ಲಿ ಅದ್ದಿ, ಖಾಲಿಯಾದರೆ ಮತ್ತೆ ತುಂಬಬಹುದಾದ ಮೊದಲ ಬ್ಯಾಟರಿಯನ್ನು ಮಾಡಿದ. ಕಾರಿಗೆ ಅದರ ನಿಜವಾದ ಅವಶ್ಯಕತೆ ಬಂದದ್ದು 1912ರಲ್ಲಿ, ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರು ಕ್ಯಾಡಿಲ್ಯಾಕ್ ಕಾರಿನಲ್ಲಿ ಕೂತ ಮೇಲೆ. ಅಲ್ಲಿಯವರೆಗೆ ಮೂತಿಗೆ ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು. ನಮ್ಮ ಅಂಬಾಸಿಡರಿನವರು ಸೆಲ್ಫ್ ಬಂದ ಮೇಲೂ ಆ ಹ್ಯಾಂಡಲನ್ನು ಡಿಕ್ಕಿಯಲ್ಲಿ ಇಟ್ಟುಕೊಂಡೇ ಓಡಾಡಿದರು, ಬುದ್ಧಿವಂತರು.

ಪ್ಲಾಂಟೆಯ ಪೆಟ್ಟಿಗೆಯಲ್ಲಿ ನಡೆಯುವುದು ಇಷ್ಟು. ಒಂದು ಪ್ಲೇಟು ಸೀಸ, ಇನ್ನೊಂದು ಸೀಸದ ಆಕ್ಸೈಡು, ನಡುವೆ ಆಸಿಡ್. ಕರೆಂಟು ಕೊಡುತ್ತ ಹೋದಂತೆ ಆಸಿಡ್ಡಿನ ಸಲ್ಫೇಟು ಎರಡೂ ಪ್ಲೇಟುಗಳಿಗೆ ಹೋಗಿ ಅಂಟಿಕೊಳ್ಳುತ್ತದೆ, ಉಳಿದ ದ್ರವ ನೀರಾಗುತ್ತ ಬರುತ್ತದೆ. ಚಾರ್ಜ್ ಮಾಡಿದರೆ ಅಂಟಿದ್ದು ಬಿಟ್ಟು ಮತ್ತೆ ದ್ರವಕ್ಕೆ ಮರಳುತ್ತದೆ. ಸಾಬರ ನಳಿಗೆ, ಅಂದರೆ ಹೈಡ್ರೋಮೀಟರು, ಅಳೆಯುತ್ತಿದ್ದದ್ದು ಈ ದ್ರವದ ತೂಕವನ್ನೇ. ಪೂರ್ತಿ ಚಾರ್ಜಾದ ಬ್ಯಾಟರಿಯಲ್ಲಿ ಅದು ಸಾಮಾನ್ಯವಾಗಿ 1.240ರಿಂದ 1.280ರೊಳಗೆ ಇರುತ್ತದೆ, ನಮ್ಮಂಥ ಸೆಕೆಯ ನಾಡಿನ ಬ್ಯಾಟರಿಗಳಲ್ಲಿ ಕೆಳಗಿನ ತುದಿಗೆ. ಹೊಸದಾಗಿ ಅಂಟಿದ ಸಲ್ಫೇಟು ಮೆತ್ತಗಿರುತ್ತದೆ, ಕರೆದರೆ ಬರುತ್ತದೆ. ಖಾಲಿ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಅದು ಹರಳುಗಟ್ಟಿ ಗಟ್ಟಿಯಾಗುತ್ತದೆ; ಆಮೇಲೆ ಯಾವ ಚಾರ್ಜರಿಗೂ ಬಗ್ಗುವುದಿಲ್ಲ. ಬ್ಯಾಟರಿ ಖಾಲಿಯಾಗುವುದು ದೊಡ್ಡ ವಿಷಯವಲ್ಲ. ಖಾಲಿಯಾಗಿಯೇ ಬಿದ್ದಿರುವುದು ಅದಕ್ಕೆ ಮುಳುವು.

ಅದಕ್ಕೇ ಮೇಷ್ಟ್ರ ಬ್ಯಾಟರಿಯನ್ನು ನಾಳೆ ನಾಡಿದ್ದು ಎನ್ನದೆ ಅಂದೇ ಸಂಜೆ ಬಿಚ್ಚಿದೆವು. 10 ನಂಬರ್ ಸ್ಪ್ಯಾನರ್ ಒಂದಿದ್ದರೆ ಸಾಕು. ಮೊದಲು ಮೈನಸ್, ಆಮೇಲೆ ಪ್ಲಸ್. ಕೂರಿಸುವಾಗ ಇದರ ತಿರುವು ಮುರುವು. ಕಾರಿನ ಮೈಯೆಲ್ಲ ಮೈನಸ್ಸೇ ಆಗಿರುವುದರಿಂದ, ಪ್ಲಸ್ಸಿಗೆ ಹಾಕಿದ ಸ್ಪ್ಯಾನರು ಎಲ್ಲಾದರೂ ಬಾಡಿಗೆ ತಾಗಿದರೆ ದೀಪಾವಳಿಗೆ ಕಾಯುವ ಅಗತ್ಯವೇ ಇರುವುದಿಲ್ಲ. ಮೇಷ್ಟ್ರ ಕೈಯ ಉಂಗುರವನ್ನೂ ಸ್ಟೀಲ್ ಪಟ್ಟಿಯ ವಾಚನ್ನೂ ತೆಗೆಸಿದೆ. ನಾನಂತೂ ಈ ಕೆಲಸಕ್ಕೆಂದೇ ಬೇರೆ ಪಂಚೆ ಇಟ್ಟುಕೊಂಡಿದ್ದೇನೆ. ಆಸಿಡ್ಡಿನ ಹನಿ ಹತ್ತಿಬಟ್ಟೆಯ ಮೇಲೆ ಬಿದ್ದಾಗ ಏನೂ ಕಾಣಿಸುವುದಿಲ್ಲ. ಒಗೆದು ಒಣಹಾಕಿ, ಬಿಸಿಲಿಗೆ ಹಿಡಿದಾಗ ಜೋಳದ ಕಾಳಿನಷ್ಟು ಅಗಲದ ತೂತುಗಳು ಸಾಲಾಗಿ ಕಾಣುತ್ತವೆ. ನಮ್ಮ ಮನೆಯವರು ಆ ಪಂಚೆಯನ್ನು ಬೇರೆ ಬಟ್ಟೆಯ ಜೊತೆ ನೆನೆಸುವುದಿಲ್ಲ.

ಬ್ಯಾಟರಿಯನ್ನು ಒಯ್ದು ನಮ್ಮ ಹಿತ್ತಿಲ ಕಡೆಯ ಜಗಲಿಯ ಮೇಲೆ ಇಟ್ಟೆವು. ನೆಲದ ಮೇಲೆ ಇಡಬಾರದು, ಸಿಮೆಂಟು ಚಾರ್ಜು ಹೀರುತ್ತದೆ, ಹಲಗೆ ಹಾಕಿ ಎಂದು ಮೇಷ್ಟ್ರು. ಈ ಮಾತಿಗೆ ಹಿಂದೆ ಅರ್ಥವಿತ್ತು. ಮರದ, ಗಟ್ಟಿ ರಬ್ಬರಿನ ಪೆಟ್ಟಿಗೆಗಳು ಆಸಿಡ್ ಜಿನುಗಿ ತೇವವಾಗಿ ಕರೆಂಟು ಸೋರುತ್ತಿದ್ದವು. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಆ ಭಯವಿಲ್ಲ. ಆದರೂ ಹಲಗೆ ಹಾಕಿದೆ, ಹಿರಿಯರ ಮಾತು, ಹೋಗುವುದೇನು? ಗಾಳಿಯಾಡುವ ಜಾಗ ಮಾತ್ರ ಬೇಕೇ ಬೇಕು. ಚಾರ್ಜಿನ ಕೊನೆಯ ಹೊತ್ತಿಗೆ ನೀರು ಒಡೆದು ಜಲಜನಕ ಏಳುತ್ತದೆ; ಒಂದು ಕಿಡಿ ಸಾಕು. ದೇವರಮನೆಯ ನಂದಾದೀಪದ ಹತ್ತಿರ, ಊದುಬತ್ತಿಯ ಹತ್ತಿರ, ಮುಚ್ಚಿದ ಸ್ಟೋರ್‌ರೂಮಿನಲ್ಲಿ ಇದನ್ನು ಇಡುವಂತಿಲ್ಲ. ಕ್ಲಿಪ್ಪುಗಳನ್ನು ಹಾಕುವಾಗಲೂ ತೆಗೆಯುವಾಗಲೂ ಚಾರ್ಜರಿನ ಸ್ವಿಚ್ಚು ಆಫ್ ಇರಬೇಕು ಎನ್ನುವುದೂ ಈ ಕಿಡಿಯ ಭಯಕ್ಕೇ.

ಮಲ್ಟಿಮೀಟರ್ ಇಟ್ಟು ನೋಡಿದರೆ 12.0 ವೋಲ್ಟ್. ಹೆಸರಿಗೆ 12 ವೋಲ್ಟಿನ ಬ್ಯಾಟರಿ, ತೋರಿಸಿದ್ದೂ 12, ಹಾಗಾದರೆ ಸರಿಯಾಗಿಯೇ ಇದೆಯಲ್ಲ ಎಂದರು ಮೇಷ್ಟ್ರು. ಇಲ್ಲಿ ಗಣಿತ ಕೈಕೊಡುತ್ತದೆ. ಆರು ಕೋಣೆ, ಒಂದೊಂದಕ್ಕೆ 2.1 ವೋಲ್ಟು, ತುಂಬಿದ ಬ್ಯಾಟರಿ ಕೆಲವು ಗಂಟೆ ವಿಶ್ರಾಂತಿಯಲ್ಲಿದ್ದ ಮೇಲೆ 12.6ರಿಂದ 12.7 ತೋರಿಸಬೇಕು. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಬರೀ ಕಾಲು. ತುಂಬಿದ್ದಕ್ಕೂ ಬರಿದಾದದ್ದಕ್ಕೂ ನಡುವೆ ಮುಕ್ಕಾಲು ವೋಲ್ಟಿನಷ್ಟೇ ಅಂತರ. 12.4ಕ್ಕಿಂತ ಇಳಿಯುವ ಮೊದಲೇ ಚಾರ್ಜಿಗೆ ಹಾಕುವುದು ನನ್ನ ಅಭ್ಯಾಸ.

ಎಷ್ಟು ಕರೆಂಟು ಕೊಡಬೇಕು ಎಂಬುದಕ್ಕೆ ಸಾಬರ ಸೂತ್ರವೇ ಸಾಕು: ಸಾಮರ್ಥ್ಯದ ಹತ್ತರಲ್ಲೊಂದು ಪಾಲು. 35ರ ಬ್ಯಾಟರಿಗೆ ಮೂರೂವರೆ ಆಂಪಿಯರ್. "ಅರ್ಜೆಂಟಾ ಗೌಡ್ರೇ, ನಿಧಾನಾನಾ?" ಎಂದು ಅವರು ಕೇಳುತ್ತಿದ್ದ ಧಾಟಿಯಲ್ಲೇ ಉತ್ತರ ಇರುತ್ತಿತ್ತು. ಅರ್ಜೆಂಟಿಗೆ ಹೆಚ್ಚು ಆಂಪಿಯರ್ ತುರುಕಿದರೆ ಬ್ಯಾಟರಿ ಕಾಯುತ್ತದೆ, ಪ್ಲೇಟು ಡೊಂಕಾಗುತ್ತದೆ, ಮೇಲೆ ಬಳಿದ ಪುಡಿ ಉದುರುತ್ತದೆ. ಕೈಯಿಟ್ಟರೆ ಬೆಚ್ಚಗಿರುವುದನ್ನು ಮೀರಿ ಬಿಸಿಯಾಗುತ್ತಿದ್ದರೆ ನಿಲ್ಲಿಸಬೇಕು. ಕೊನೆಯ ಹಂತದಲ್ಲಂತೂ ಅದು ಕುಡಿಯುವುದೇ ಕಡಿಮೆ, ವೋಲ್ಟೇಜು 14.4ರ ಹತ್ತಿರ ಬಂದ ಮೇಲೆ ಕರೆಂಟು ತಾನಾಗಿ ಇಳಿಯುತ್ತ ಹೋಗುತ್ತದೆ. ಈಗಿನ ಚಾರ್ಜರುಗಳು ಇದನ್ನೆಲ್ಲ ತಾವೇ ನೋಡಿಕೊಂಡು, ತುಂಬಿದ ಮೇಲೆ 13.5ರ ಆಸುಪಾಸಿಗೆ ಇಳಿದು ಹಸಿರು ದೀಪ ಹಚ್ಚಿ ಕೂರುತ್ತವೆ. ಸ್ಟಾರ್ಟ್-ಸ್ಟಾಪ್ ಕಾರುಗಳಲ್ಲಿ ಬರುವ ಎಜಿಎಂ ಎಂಬ ಬಗೆಯ ಬ್ಯಾಟರಿಗೆ ಮಾತ್ರ ಚಾರ್ಜರಿನಲ್ಲಿ ಆ ಹೆಸರಿನ ಗುಂಡಿಯನ್ನೇ ಒತ್ತಬೇಕು.

ರಾತ್ರಿ ಊಟವಾದ ಮೇಲೆ ಹಿತ್ತಿಲ ಬಾಗಿಲು ತೆಗೆದು ಒಮ್ಮೆ ಹೋಗಿ ಕಿವಿಗೊಡುವುದು ನನಗೆ ಇಷ್ಟ. ಆರು ಮುಚ್ಚಳಗಳ ಕೆಳಗೆ ಸಣ್ಣ ಸಿರಿಸಿರಿ ಸದ್ದು ಶುರುವಾಗಿದ್ದರೆ ಕೆಲಸ ಕೊನೆಗೆ ಬಂತು ಎಂದು. ಐದರಲ್ಲಿ ಸದ್ದಿದ್ದು ಒಂದು ಮೌನವಾಗಿದ್ದರೆ ಆ ಕೋಣೆಯ ಮೇಲೆ ಅನುಮಾನ. ಬೆಳಿಗ್ಗೆ ಹೈಡ್ರೋಮೀಟರಿನಲ್ಲಿ ಅದೊಂದು ಉಳಿದವಕ್ಕಿಂತ 0.050 ಕೆಳಗೆ ತೋರಿಸಿದರೆ ಅನುಮಾನ ನಿಜ, ಹೊಸದಕ್ಕೆ ದುಡ್ಡು ಎಣಿಸಿಡಬಹುದು. ಕೆಲವು ಬ್ಯಾಟರಿಗಳ ತಲೆಯ ಮೇಲೆ ಹಸಿರು ಕಣ್ಣು ಇರುತ್ತದಲ್ಲ, ಅದನ್ನು ನಾನು ಪೂರ್ತಿ ನಂಬುವುದಿಲ್ಲ. ಆರು ಕೋಣೆಗಳಲ್ಲಿ ಅದು ನೋಡುವುದು ಒಂದನ್ನೇ.

ಇನ್ನು ನೀರು. ನಮ್ಮ ಬೀದಿಯಲ್ಲಿ ಇದರಷ್ಟು ವಾದವಾದ ವಿಷಯ ಬೇರೆ ಇಲ್ಲ. ಆರ್‌ಓ ನೀರು ಆಗುವುದಿಲ್ಲವೇ? ಆಗುವುದಿಲ್ಲ, ಅದರಲ್ಲಿ ಲವಣ ಕಡಿಮೆಯಾಗಿರುತ್ತದೆಯೇ ಹೊರತು ಇಲ್ಲವಾಗಿರುವುದಿಲ್ಲ. ಎಸಿಯಿಂದ ತೊಟ್ಟಿಕ್ಕುವ ನೀರು? ಹುಟ್ಟಿದಾಗ ಶುದ್ಧವೇ, ಆದರೆ ಕಾಯಿಲಿನ ಧೂಳು, ಲೋಹವನ್ನೆಲ್ಲ ತೊಳೆದುಕೊಂಡು ಬರುತ್ತದೆ. ಕಾಯಿಸಿ ಆರಿಸಿದ ಕಾವೇರಿ? ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಉಪ್ಪು ಸಾಯುವುದಿಲ್ಲ. ಪೆಟ್ರೋಲ್ ಬಂಕಿನಲ್ಲೋ ಬ್ಯಾಟರಿ ಅಂಗಡಿಯಲ್ಲೋ ಸಿಗುವ ಡಿಸ್ಟಿಲ್ಡ್ ವಾಟರ್ ಕ್ಯಾನಿನ ಬೆಲೆ ಒಂದು ಮಸಾಲೆದೋಸೆಯ ಆಸುಪಾಸು. ಅದಕ್ಕಾಗಿ ಇಷ್ಟು ಶಾಸ್ತ್ರಾರ್ಥ ಬೇಕೆ? ಆವಿಯಾಗಿ ಹೋಗುವುದು ನೀರು ಮಾತ್ರ, ಆಸಿಡ್ ಅಲ್ಲೇ ಇರುತ್ತದೆ. ಆದ್ದರಿಂದ ಶಕ್ತಿ ಬರಲಿ ಎಂದು ಆಸಿಡ್ ಸುರಿಯುವವರ ಕೈ ಹಿಡಿಯಬೇಕು. ತುಂಬುವುದೂ ಚಾರ್ಜಾದ ಮೇಲೆ, ಗುರುತಿನವರೆಗೆ. ಚಾರ್ಜಾಗುವಾಗ ದ್ರವ ಉಬ್ಬುವುದರಿಂದ ಮೊದಲೇ ತುಂಬಿದರೆ ಉಕ್ಕಿ ಹೊರಬರುತ್ತದೆ. ಪ್ಲೇಟು ಹೊರಗೆ ಕಾಣುತ್ತಿದ್ದರೆ ಮಾತ್ರ, ಅದು ಮುಳುಗುವಷ್ಟು ಮೊದಲೇ ಹಾಕಬೇಕು.

ಮೇಷ್ಟ್ರ ಬ್ಯಾಟರಿಯ ಪ್ಲಸ್ ಟರ್ಮಿನಲ್ಲಿನ ಮೇಲೆ ನೀಲಿ-ಬಿಳಿ ಪುಡಿ ಒಂದು ಅಂಗುಲ ಎದ್ದಿತ್ತು. ಬೆಚ್ಚಗಿನ ನೀರಿಗೆ ಒಂದು ಚಮಚ ಅಡುಗೆ ಸೋಡ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಚ್ಚಿದರೆ ಬುಸ್ಸೆಂದು ನೊರೆ ಬಂದು ಪುಡಿ ಕರಗಿ ಹೋಗುತ್ತದೆ, ಕೆಳಗಿನ ಸೀಸ ಬೂದಿಬಣ್ಣದಲ್ಲಿ ಮೂಡುತ್ತದೆ. ಆ ನೊರೆ ನೋಡುವುದೇ ಒಂದು ಸಂತೋಷ. ಬೀದಿಯ ಮಕ್ಕಳು ಇದಕ್ಕೆಂದೇ ಬಂದು ನಿಲ್ಲುತ್ತಾರೆ. ಮುಚ್ಚಳಗಳು ಬಿಗಿಯಾಗಿರಬೇಕು, ಸೋಡ ಒಳಗೆ ಇಳಿದರೆ ಆಸಿಡ್ಡನ್ನೇ ಕೊಲ್ಲುತ್ತದೆ. ಒರೆಸಿ ಒಣಗಿಸಿ, ಕ್ಲಾಂಪ್ ಬಿಗಿದು, ಮೇಲೆ ವ್ಯಾಸಲೀನ್ ಸವರಿದರೆ ಮುಗಿಯಿತು. ಎಷ್ಟೋ ಸಲ "ಬ್ಯಾಟರಿ ಹೋಗಿದೆ" ಎಂದು ಬಂದವರ ಬ್ಯಾಟರಿ ಎಲ್ಲಿಗೂ ಹೋಗಿರುವುದಿಲ್ಲ, ಈ ಪುಡಿ ದಾರಿಗೆ ಅಡ್ಡ ಕೂತಿರುತ್ತದೆ.

2020ರ ಮಾರ್ಚ್ 25ರಿಂದ ಕೊರೊನಾ ಲಾಕ್‌ಡೌನಿನಲ್ಲಿ ದೇಶವೇ ಬಾಗಿಲು ಹಾಕಿಕೊಂಡಾಗ ಈ ಶಾಸ್ತ್ರಕ್ಕೆ ಮನೆಮನೆಯಲ್ಲೂ ಬೆಲೆ ಬಂತು. ದಿನಾ ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕು ಎಂದು ಯಾರೋ ಹೇಳಿ, ಬೀದಿಯ ಕಾರುಗಳೆಲ್ಲ ಒಟ್ಟಿಗೆ ಗುರುಗುಟ್ಟುತ್ತಿದ್ದವು. ಅದರಿಂದ ಹೋದದ್ದು ಬಂದದ್ದು ಸರಿಹೋದೀತು ಅಷ್ಟೆ, ಬಸವಳಿದ ಬ್ಯಾಟರಿ ಮೇಲೇಳುವುದಿಲ್ಲ. ಕಾಯದ ಎಂಜಿನ್ನಿನ ಆಯಿಲಿಗೆ ನೀರಿನ ಪಸೆ ಸೇರುವುದು ಬೇರೆ. ವಾರಕ್ಕೊಮ್ಮೆ ಅರ್ಧ ಮುಕ್ಕಾಲು ಗಂಟೆ ಓಡಿಸುವುದು ಮೇಲು. ಊರಿಗೆ ಹೋಗಿ ತಿಂಗಳು ಬಿಟ್ಟು ಬರುವವರಾದರೆ ಮೈನಸ್ ಕ್ಲಾಂಪನ್ನು ಕಳಚಿಟ್ಟು ಹೋಗಲಿ; ಬಂದ ಮೇಲೆ ಗಡಿಯಾರ ಸರಿಮಾಡಿಕೊಂಡರಾಯಿತು. ಕಳಚಿಟ್ಟರೂ ಬ್ಯಾಟರಿ ತನ್ನಷ್ಟಕ್ಕೆ ತಾನು ಸ್ವಲ್ಪ ಸ್ವಲ್ಪ ಇಳಿಯುತ್ತಲೇ ಇರುತ್ತದೆ, ಸೆಕೆ 10 ಡಿಗ್ರಿ ಏರಿದರೆ ಹೆಚ್ಚುಕಡಿಮೆ ಎರಡು ಪಟ್ಟು ಬೇಗ. ಮೈಸೂರಿನ ಹವೆಯಲ್ಲಿ ನೆಮ್ಮದಿಯಾಗಿರುವ ಬ್ಯಾಟರಿ ಕಲಬುರಗಿಯ ಬೇಸಿಗೆಯಲ್ಲಿ ಬೇಗ ಮುದಿಯಾಗುವುದೂ ಸೆಕೆಯಿಂದಲೇ.

ಇಷ್ಟೆಲ್ಲ ಮಾಡಿದರೂ ಮೇಷ್ಟ್ರ ಆ ಬ್ಯಾಟರಿ ಉಳಿಯಲಿಲ್ಲ. ರಾತ್ರಿಯೆಲ್ಲ ಕುಡಿದು ಬೆಳಿಗ್ಗೆ 12.6 ತೋರಿಸಿತು, ಸೆಲ್ಫ್ ಹೊಡೆದ ಕೂಡಲೇ 9.6ಕ್ಕಿಂತ ಕೆಳಗೆ ಕುಸಿಯಿತು. ಒಳಗೆ ಸಲ್ಫೇಟು ಹರಳಾಗಿತ್ತು. ಹೊಸದು ತರಲು ಇಬ್ಬರೂ ಹೋದೆವು. ಅಂಗಡಿಯವರು ಎರಡು ರೇಟು ಹೇಳಿದರು: ಹಳೆಯದು ಕೊಟ್ಟರೆ ಒಂದು, ಕೊಡದಿದ್ದರೆ ಒಂದು. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ, ಕರಗಿಸಿದರೆ ಮತ್ತೆ ಬ್ಯಾಟರಿಯಾಗುತ್ತದೆ. ಹಳೆಯದನ್ನು ವಾಪಸು ಪಡೆಯಬೇಕೆಂಬ ನಿಯಮ 2001ರಿಂದಲೇ ಇದೆ, 2022ರಲ್ಲಿ ಇನ್ನೂ ಬಿಗಿಯಾಗಿದೆ. ಗುಜರಿಯವನು ನೂರು ರೂಪಾಯಿ ಹೆಚ್ಚು ಕೊಡುತ್ತಾನೆ ಎಂದು ಮೇಷ್ಟ್ರು ಪಿಸುಗುಟ್ಟಿದರು. ಅವನು ಆಸಿಡ್ಡನ್ನು ಚರಂಡಿಗೆ ಸುರಿದು ಸೀಸವನ್ನು ಹಿತ್ತಿಲಲ್ಲಿ ಕರಗಿಸಿದರೆ ಅದರ ಹೊಗೆ ಕುಡಿಯುವುದು ಅಲ್ಲಿನ ಮಕ್ಕಳು ಎಂದೆ. ಮೇಷ್ಟ್ರು ಹಳೆಯದನ್ನು ಸುಮ್ಮನೆ ಕೌಂಟರಿನ ಮೇಲಿಟ್ಟರು.

"ಇದಕ್ಕೆ ನೀರು ಹಾಕುವ ತಂಟೆಯೇ ಇಲ್ಲವಂತೆ, ಮೇಂಟೆನೆನ್ಸ್ ಫ್ರೀ" ಎಂದು ಹೊಸದರ ತಲೆ ಸವರುತ್ತ ಹೇಳಿದರು.

"ನೀರು ಬೇಡ ಮೇಷ್ಟ್ರೇ. ಓಡಾಟ ಬೇಕು."

"ಓಡಾಡೋಕೆ ಪೆಟ್ರೋಲು ಬೇಕಲ್ಲ!"

ಈ ವ್ಯಾಜ್ಯವನ್ನು ಇತ್ಯರ್ಥ ಮಾಡಿದವರು ಅವರ ಮನೆಯವರು. ಮೊಣಕಾಲು ನೋವು, ಬಸ್ಸು ಹತ್ತಲಾಗುವುದಿಲ್ಲ, ನಂಜನಗೂಡಿನ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಅಂತ ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ ಎಂದು ಅವರು ತಮ್ಮ ಅಹವಾಲನ್ನೂ ಬ್ಯಾಟರಿಯ ಅಹವಾಲಿನ ಜೊತೆಗೇ ಸೇರಿಸಿಬಿಟ್ಟರು. ಈಗ ಸೋಮವಾರ ಬೆಳಿಗ್ಗೆ ಇಬ್ಬರೂ ಕಾರಿನಲ್ಲಿ ನಂಜನಗೂಡಿಗೆ ಹೋಗುತ್ತಾರೆ. ಹೋಗುತ್ತ ಹೆಚ್ಚುಕಡಿಮೆ 25 ಕಿಲೋಮೀಟರ್, ಬರುತ್ತ ಅಷ್ಟೇ. ಆಲ್ಟರ್ನೇಟರು 14 ವೋಲ್ಟಿನಲ್ಲಿ ದಾರಿಯುದ್ದ ತುಂಬುತ್ತದೆ. ಪೆಟ್ರೋಲಿನ ಖರ್ಚನ್ನು ಮೇಷ್ಟ್ರು ಡೈರಿಯಲ್ಲಿ ಬ್ಯಾಟರಿಯ ಲೆಕ್ಕಕ್ಕೆ ಬರೆಯುತ್ತಾರೆ. ದೇವರ ಲೆಕ್ಕಕ್ಕೆ ಬರೆದುಕೊಳ್ಳಿ ಎಂದು ಅವರ ಮನೆಯವರು.